ಬ್ಯಾಡಗಿ ಮೆಣಸಿನಕಾಯಿ: ವಿಷ ಹುಟ್ಟುವುದು ಕಣದಲ್ಲಿ, ಪರೀಕ್ಷೆ ಬಂದರಿನಲ್ಲಿ

2024ರ ಮಾರ್ಚ್ 11ರಂದು ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಒಣ ಮೆಣಸಿನಕಾಯಿ ದರ ಕುಸಿದುದರಿಂದ ಕೆರಳಿದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಮರುತಿಂಗಳೇ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಆಹಾರ ಸುರಕ್ಷತಾ ಅಧಿಕಾರಿಗಳು ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಪತ್ತೆಯಾಗಿದೆ ಎಂದು ಅವುಗಳ ಮಾರಾಟವನ್ನು ತಡೆದರು. ಒಂದು ಘಟನೆ ಮಸಾಲೆ ವ್ಯಾಪಾರದ ಆರಂಭದ ತುದಿಯಲ್ಲಿ ನಡೆಯಿತು, ಇನ್ನೊಂದು ಕೊನೆಯ ತುದಿಯಲ್ಲಿ. ಮೊದಲನೆಯದರ ಬಳಿಕ ಚರ್ಚೆ ನಡೆದದ್ದು ದರದ ಕುರಿತು; ಎರಡನೆಯದರ ಬಳಿಕ ರಾಸಾಯನಿಕದ ಕುರಿತು. ಇವೆರಡರ ನಡುವೆ ಇರುವ ಒಂದು ಪ್ರಶ್ನೆಯನ್ನು ಕೇಳಿದವರು ಕಡಿಮೆ. ಮಸಾಲೆಗೆ ಇಂತಹ ರಾಸಾಯನಿಕದ ಅನಿಲವನ್ನು ಹಾಯಿಸುವ ಅಗತ್ಯವಾದರೂ ಏಕೆ ಬೀಳುತ್ತದೆ?

ಉತ್ತರ ಸರಳ. ಸರಿಯಾಗಿ ಒಣಗದ ಮಾಲಿನಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವುಗಳನ್ನು ಕೊಲ್ಲಲು ಎಥಿಲೀನ್ ಆಕ್ಸೈಡ್ ಬಳಕೆಯಾಗುತ್ತದೆ. ಆದರೆ ಅನಿಲದಿಂದ ಬೂಷ್ಟು ಸತ್ತರೂ, ಅದು ಅದಕ್ಕೂ ಮೊದಲೇ ಮೆಣಸಿನಕಾಯಿಯೊಳಗೆ ಬಿಟ್ಟುಹೋದ ವಿಷ ಹಾಗೆಯೇ ಉಳಿಯುತ್ತದೆ. ಆ ವಿಷದ ಹೆಸರು ಅಫ್ಲಾಟಾಕ್ಸಿನ್. ಒಣ ಮೆಣಸಿನಕಾಯಿಯ ರಫ್ತಿಗೆ ವರ್ಷಗಳಿಂದ ತಲೆನೋವಾಗಿರುವ ಈ ವಿಷ, ದೇಶದೊಳಗಿನ ಗ್ರಾಹಕನ ಮಟ್ಟಿಗೆ ಇನ್ನೂ ಅಪರಿಚಿತವಾಗಿಯೇ ಉಳಿದಿದೆ.

ಕೋಳಿಯಿಂದ ಮನುಷ್ಯರವರೆಗೆ

ಶಿಲೀಂಧ್ರ ವಿಷಗಳ ಕುರಿತ ಆಧುನಿಕ ತಿಳಿವಳಿಕೆಗೆ ನಾಂದಿಯಾದದ್ದು ಒಂದು ಪಶು ಆಹಾರದ ದುರಂತ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದಿತ್ತು ಎಂಬುದು ತನಿಖೆಯಿಂದ ಹೊರಬಿತ್ತು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು.

ಹದಿನಾಲ್ಕು ವರ್ಷಗಳ ಬಳಿಕ, 1974ರಲ್ಲಿ, ಅದೇ ವಿಷ ಭಾರತದಲ್ಲಿ ಮನುಷ್ಯರ ಪ್ರಾಣ ತೆಗೆಯಿತು. ರಾಜಸ್ತಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲಿಕ ಮಳೆಗೆ ನೆನೆದ ಮೆಕ್ಕೆಜೋಳ ಬೂಷ್ಟು ಹಿಡಿದಿತ್ತು. ಬೇರೆ ಕಾಳು ಕೊಳ್ಳಲಾಗದ ಬಡ ಆದಿವಾಸಿ ಕುಟುಂಬಗಳು ಅದನ್ನೇ ಉಂಡವು. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವಿಕೆ ಮೊದಲಾದ ಲಕ್ಷಣಗಳಿಂದ 397 ಮಂದಿ ನರಳಿದರು. 106 ಮಂದಿ ಸತ್ತರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಈ ಪ್ರಕರಣವನ್ನು ಅಧ್ಯಯನ ಮಾಡಿ ಜಗತ್ತಿನ ಮುಂದಿಟ್ಟರು. 2004ರಲ್ಲಿ ಕೆನ್ಯಾದಲ್ಲಿ ಇದೇ ಕತೆ ಮರುಕಳಿಸಿತು. ಅಲ್ಲಿಯೂ ಸರಿಯಾಗಿ ಒಣಗದ ಮೆಕ್ಕೆಜೋಳವೇ ಕಾರಣ. 317 ಮಂದಿ ಅಸ್ವಸ್ಥರಾಗಿ 125 ಮಂದಿ ಮೃತಪಟ್ಟರು.

ಇವು ಒಮ್ಮೆಲೇ ಅಪಾರ ಪ್ರಮಾಣದಲ್ಲಿ ವಿಷ ದೇಹ ಸೇರಿದ ಪ್ರಕರಣಗಳು. ಮೆಣಸಿನಕಾಯಿಯಿಂದ ಅಂತಹ ಸಾವು ಸಂಭವಿಸುವುದಿಲ್ಲ, ಏಕೆಂದರೆ ಅದನ್ನು ಯಾರೂ ಜೋಳದಂತೆ ಉಣ್ಣುವುದಿಲ್ಲ. ಇಲ್ಲಿನ ಅಪಾಯ ನಿಧಾನವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಫ್ಲಾಟಾಕ್ಸಿನ್‌ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆಂದು ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಅದರ ಗುರಿ ಮುಖ್ಯವಾಗಿ ಯಕೃತ್ತು. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಈ ವಿಷದ ಪರಿಣಾಮ, ಸೋಂಕು ಇಲ್ಲದವರಿಗಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ಎಂಬುದು ವಿಶ್ವಸಂಸ್ಥೆಯ ಆಹಾರ ತಜ್ಞರ ಸಮಿತಿಯ ಅಂದಾಜು. ಒಣ ಮೆಣಸಿನಕಾಯಿಯಲ್ಲಿ ಕಾಣಸಿಗುವ ಇನ್ನೊಂದು ಶಿಲೀಂಧ್ರ ವಿಷ ಓಕ್ರಾಟಾಕ್ಸಿನ್. ಅದು ಮೂತ್ರಪಿಂಡಕ್ಕೆ ಹಾನಿಕರ.

ಹತ್ತು ಮತ್ತು ಮೂವತ್ತು

ಯುರೋಪ್ ಒಕ್ಕೂಟದ ನಿಯಮದ ಪ್ರಕಾರ ಒಂದು ಕಿಲೋಗ್ರಾಂ ಒಣ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ಮೀರಬಾರದು. ಅದರಲ್ಲೂ ಅತ್ಯಂತ ಪ್ರಬಲವಾದ ಬಿ1 ಬಗೆಯ ವಿಷ 5 ಮೈಕ್ರೋಗ್ರಾಂ ಮೀರಬಾರದು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮಸಾಲೆಗಳಿಗೆ ನಿಗದಿಪಡಿಸಿರುವ ಒಟ್ಟು ಮಿತಿ 30 ಮೈಕ್ರೋಗ್ರಾಂ. ಈ ಪ್ರಮಾಣಗಳು ಎಷ್ಟು ಸೂಕ್ಷ್ಮವೆಂದರೆ, ಒಂದು ಸಾವಿರ ಟನ್ ಮೆಣಸಿನಕಾಯಿಯಲ್ಲಿ ಮೂವತ್ತು ಗ್ರಾಂ ವಿಷ ಇದ್ದರೂ ಭಾರತದ ಮಿತಿ ತಲುಪಿದಂತೆ.

ಎರಡು ಮಿತಿಗಳ ನಡುವಣ ಈ ಅಂತರವನ್ನು ಭಾರತೀಯರ ಜೀವಕ್ಕೆ ಬೆಲೆಯಿಲ್ಲ ಎಂಬ ಒಂದೇ ಮಾತಿನಲ್ಲಿ ವಿವರಿಸುವುದು ಸುಲಭ, ಆದರೆ ಅದು ಪೂರ್ತಿ ನ್ಯಾಯವಲ್ಲ. ದಿನಕ್ಕೆ ಹತ್ತು ಗ್ರಾಂ ಒಣ ಮೆಣಸಿನಕಾಯಿ ತಿನ್ನುವವನಿಗೂ, ಭಾರತದ ಮಿತಿಯ ಮಾಲಿನಿಂದ ಸಿಗುವುದು 0.3 ಮೈಕ್ರೋಗ್ರಾಂ ವಿಷ. ಶೇಂಗಾ, ಮೆಕ್ಕೆಜೋಳದಂತಹ ಹೆಚ್ಚು ತಿನ್ನುವ ಪದಾರ್ಥಗಳಲ್ಲಿ ಅದೇ ಮಟ್ಟದ ವಿಷವಿದ್ದರೆ ಅಪಾಯ ಅದಕ್ಕಿಂತ ಬಹಳ ದೊಡ್ಡದು. ಇನ್ನೊಂದು ಕಡೆಯಿಂದ ನೋಡಿದರೆ, ಯುರೋಪಿನವನು ವಾರಕ್ಕೊಮ್ಮೆ ರುಚಿಗೆಂದು ಬಳಸುವ ಖಾರದ ಪುಡಿಯನ್ನು ಉತ್ತರ ಕರ್ನಾಟಕದ ಮನೆ ದಿನಕ್ಕೆ ಎರಡು ಹೊತ್ತು ಬಳಸುತ್ತದೆ. ಹೆಚ್ಚು ತಿನ್ನುವವನಿಗೆ ಸಡಿಲ ಮಿತಿ, ಕಡಿಮೆ ತಿನ್ನುವವನಿಗೆ ಬಿಗಿ ಮಿತಿ ಎಂಬ ಈ ವಿಪರ್ಯಾಸಕ್ಕೆ ಸಮರ್ಥನೆ ದೊರೆಯುವುದು ಕಷ್ಟ.

ಆದರೂ ನಿಜವಾದ ಸಮಸ್ಯೆ ಹತ್ತೋ ಮೂವತ್ತೋ ಎಂಬುದಲ್ಲ. ಅಳೆಯುವವರು ಯಾರು, ಎಲ್ಲಿ ಅಳೆಯುತ್ತಾರೆ ಎಂಬುದು. ರಫ್ತಾಗುವ ಮಾಲನ್ನು ಸಂಬಾರ ಮಂಡಳಿಯ ಪ್ರಯೋಗಾಲಯಗಳು ಪರೀಕ್ಷಿಸುತ್ತವೆ. ಹಡಗಿನಿಂದ ಇಳಿದ ಮೇಲೆ ಆಮದು ದೇಶವೂ ಪರೀಕ್ಷಿಸುತ್ತದೆ. ಭಾರತದ ಮೆಣಸಿನಕಾಯಿಯನ್ನು ಅಫ್ಲಾಟಾಕ್ಸಿನ್ ಕಾರಣಕ್ಕೆ ಹೆಚ್ಚುವರಿ ತಪಾಸಣೆಗೆ ಒಳಪಡಿಸುವ ನಿಯಮವನ್ನು ಯುರೋಪ್ ಒಕ್ಕೂಟ 2010ರಲ್ಲೇ ಜಾರಿಗೊಳಿಸಿತ್ತು. ರಫ್ತಿನ ಪರೀಕ್ಷೆಯಲ್ಲಿ ಸೋತ ಮಾಲು ಸಮುದ್ರಕ್ಕೆ ಬೀಳುವುದಿಲ್ಲ. ಹತ್ತನ್ನು ಮೀರಿ ಮೂವತ್ತರೊಳಗೆ ಇರುವ ಮಾಲನ್ನು ದೇಶದಲ್ಲಿ ಮಾರಲು ಕಾನೂನಿನ ಅಡ್ಡಿಯೂ ಇಲ್ಲ. ಮೂವತ್ತನ್ನು ಮೀರಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪತ್ತೆಹಚ್ಚಬೇಕಾದ ವ್ಯವಸ್ಥೆ ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಗಳಿಂದ ಆಗಾಗ ಒಯ್ಯುವ ಮಾದರಿಗಳನ್ನೇ ನೆಚ್ಚಿಕೊಂಡಿದೆ.

ಕಣದ ಹದಿನೈದು ದಿನ

ವಿಷದ ಮೂಲ ಹುಡುಕಲು ಹಡಗುಕಟ್ಟೆಯಿಂದ ಹೊಲಕ್ಕೆ ಮರಳಬೇಕು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎರೆಭೂಮಿಯಲ್ಲಿ ಮಳೆಯಾಶ್ರಿತವಾಗಿ ಬೆಳೆಯುವ ಕಡ್ಡಿ ಮತ್ತು ಡಬ್ಬಿ ತಳಿಗಳಿಂದ ಬ್ಯಾಡಗಿಗೆ ಹೆಸರು ಬಂದಿದೆ. ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಈಗ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು ಹಾಗೂ ಆಂಧ್ರದ ಜಿಲ್ಲೆಗಳಿಂದ ನೀರಾವರಿಯ ಹೈಬ್ರಿಡ್ ಮೆಣಸಿನಕಾಯಿಯೂ ಲಾರಿಗಟ್ಟಲೆ ಬರುತ್ತದೆ.

ಗಿಡದಿಂದ ಬಿಡಿಸಿದ ಹಣ್ಣು ಮೆಣಸಿನಕಾಯಿಯ ತೂಕದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ನೀರೇ ಇರುತ್ತದೆ. ಇದನ್ನು ಶೇಕಡಾ 10-11ಕ್ಕೆ ಇಳಿಸಬೇಕು. ಅದಕ್ಕೆ ರೈತನ ಬಳಿ ಇರುವ ಸಾಧನ ಬಿಸಿಲು ಮಾತ್ರ. ಹೊಲದ ಕಣದಲ್ಲೋ, ರಸ್ತೆ ಬದಿಯಲ್ಲೋ, ತಾಡಪಾಲಿನ ಮೇಲೋ ಹರವಿದ ಕಾಯಿ ಒಣಗಲು ಒಂದರಿಂದ ಎರಡು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಈ ಅವಧಿಯೇ ಬೂಷ್ಟಿನ ಸುಗ್ಗಿ. ರಾತ್ರಿಯ ಇಬ್ಬನಿ, ಮಣ್ಣಿನ ತೇವ, ದಪ್ಪಗೆ ಹರವಿದ ರಾಶಿಯ ಒಳಗಿನ ಬಿಸಿ, ಮಧ್ಯೆ ಸುರಿದ ಒಂದು ಮಳೆ, ಇವುಗಳಲ್ಲಿ ಯಾವುದಾದರೂ ಸಾಕು. 2021ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಸುರಿದ ಅಕಾಲಿಕ ಮಳೆಯಂತಹ ಹವಾಮಾನ ಬಂದಾಗ ರೈತ ನಿರುಪಾಯ.

ಬೂಷ್ಟಿನ ಬೀಜಕಣಗಳು ಮಣ್ಣಿನಲ್ಲಿ, ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತವೆ. ಹುಳು ಕೊರೆದ ರಂಧ್ರ, ಕೊಳೆರೋಗದ ಕಲೆ, ಸೀಳಿದ ಸಿಪ್ಪೆ, ಮುರಿದ ತೊಟ್ಟು ಅವಕ್ಕೆ ಬಾಗಿಲು. ಮೆಣಸಿನಕಾಯಿಯ ಒಳಗೆ ಟೊಳ್ಳು ಇರುವುದರಿಂದ ಬೀಜದ ಸುತ್ತ ಬೂಷ್ಟು ಬೆಳೆದರೂ ಹೊರಗಿನ ಕೆಂಪು ಹೊಳಪು ಮಾಸದಿರಬಹುದು. ನೂರು ಕಾಯಿಗಳಲ್ಲಿ ಎರಡು ಮಾತ್ರ ಕೆಟ್ಟಿದ್ದರೂ ಅವೆರಡರಲ್ಲಿನ ವಿಷ ಇಡೀ ರಾಶಿಯ ಸರಾಸರಿಯನ್ನು ಮಿತಿ ದಾಟಿಸಬಲ್ಲದು. ಇದರಿಂದಲೇ ಒಂದೇ ಲಾರಿಯ ಮಾಲಿನಿಂದ ತೆಗೆದ ಎರಡು ಮಾದರಿಗಳು ಎರಡು ಬೇರೆ ಫಲಿತಾಂಶ ನೀಡುವುದುಂಟು.

ನೀರಿಗೆ ಬೆಲೆ, ಒಣಗಿಗೆ ದಂಡ

ಚೆನ್ನಾಗಿ ಒಣಗಿಸಿದ ಬಳಿಕವೂ ಕತೆ ಮುಗಿಯುವುದಿಲ್ಲ. ಚೀಲ ತುಂಬುವ ಮೊದಲು ಮೆಣಸಿನಕಾಯಿಗೆ ನೀರು ಚಿಮುಕಿಸುವ ಪದ್ಧತಿ ಹಳೆಯದು. ಇದನ್ನು ಬರಿಯ ಮೋಸವೆಂದು ಕರೆದರೆ ರೈತನಿಗೆ ಅನ್ಯಾಯವಾದೀತು. ಪೂರ್ತಿ ಒಣಗಿದ ಕಾಯಿ ಗರಿಗರಿಯಾಗಿ ಒಡೆಯುತ್ತದೆ, ಬೀಜ ಉದುರುತ್ತದೆ, ತುಳಿದು ತುಂಬುವಾಗ ಪುಡಿಯಾಗುತ್ತದೆ. ಸ್ವಲ್ಪ ನೀರು ತಾಕಿದರೆ ಮೆತ್ತಗಾಗಿ ಆಕಾರ ಉಳಿಯುತ್ತದೆ, ಬಣ್ಣ ಎದ್ದು ಕಾಣುತ್ತದೆ. ಜೊತೆಗೆ ತೂಕವೂ ಹೆಚ್ಚುತ್ತದೆ.

ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಶೇಕಡಾ 10ರಷ್ಟು ತೇವಾಂಶವಿರುವ ಒಂದು ಕ್ವಿಂಟಲ್ ಮಾಲಿನಲ್ಲಿ ನೀರು ಬಿಟ್ಟು ಉಳಿಯುವುದು 90 ಕಿಲೋ. ಅದೇ ಮಾಲಿನ ತೇವಾಂಶ ಶೇಕಡಾ 20ಕ್ಕೆ ಏರಿದರೆ ಒಟ್ಟು ತೂಕ 112.5 ಕಿಲೋ ಆಗುತ್ತದೆ. ದರ ಕ್ವಿಂಟಲ್‌ಗೆ 20,000 ರೂಪಾಯಿ ಎಂದಿಟ್ಟುಕೊಂಡರೆ, ಹನ್ನೆರಡೂವರೆ ಕಿಲೋ ನೀರಿಗೆ 2,500 ರೂಪಾಯಿ ಸಿಕ್ಕಂತಾಯಿತು.

ಖರೀದಿದಾರನಿಗೆ ಇದು ತಿಳಿಯದ ವಿಷಯವೇನಲ್ಲ. ಆತ ಕೈಯಲ್ಲಿ ಹಿಸುಕಿ, ಅಲುಗಾಡಿಸಿ ಬೀಜದ ಸದ್ದು ಕೇಳಿ ಅಂದಾಜು ಮಾಡುತ್ತಾನೆ. ನೀರು ಇದ್ದೇ ಇರುತ್ತದೆ ಎಂಬ ಊಹೆಯ ಮೇಲೆ ಟೆಂಡರ್‌ನಲ್ಲಿ ದರ ಇಳಿಸಿ ಬರೆಯುತ್ತಾನೆ. ಈ ಕಡಿತ ನೀರು ಹಾಕಿದವನಿಗೂ ಬೀಳುತ್ತದೆ, ಹಾಕದವನಿಗೂ ಬೀಳುತ್ತದೆ. ಹೀಗಾಗಿ ಪ್ರಾಮಾಣಿಕವಾಗಿ ಒಣಗಿಸಿದ ರೈತ ಎರಡು ಕಡೆ ಕಳೆದುಕೊಳ್ಳುತ್ತಾನೆ: ತೂಕದಲ್ಲೊಮ್ಮೆ, ದರದಲ್ಲೊಮ್ಮೆ. ಮುಂದಿನ ವರ್ಷ ಆತನೂ ನೀರಿನ ಕೊಡ ಎತ್ತಿಕೊಂಡರೆ ದೂಷಿಸುವುದಾದರೂ ಯಾರನ್ನು? ಸಾಧಾರಣ ಮಾಲು ಉತ್ತಮ ಮಾಲನ್ನು ಮಾರುಕಟ್ಟೆಯಿಂದ ಹೊರದೂಡುವ ಬಗೆ ಇದು.

ಹೀಗೆ ಒದ್ದೆಯಾದ ಕಾಯಿ ಚೀಲದೊಳಗೆ ಒತ್ತಡದಲ್ಲಿ ಸೇರಿ, ಗಾಳಿಯಾಡದೆ, ಲಾರಿಯಲ್ಲಿ ಮತ್ತು ಮಾರುಕಟ್ಟೆಯ ಅಂಗಳದಲ್ಲಿ ದಿನಗಳನ್ನು ಕಳೆಯುತ್ತದೆ. ಬೂಷ್ಟು ಬೆಳೆಯಲು ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಕಣದಲ್ಲಿ ಎರಡು ವಾರ ಬಿಸಿಲಿಗಿಟ್ಟು ಕಳೆದ ತೇವವನ್ನು ಒಂದು ಕೊಡ ನೀರು ಮರಳಿ ತರುತ್ತದೆ.

ಶೀತಲಗೃಹ ಮತ್ತು ಪುಡಿಯ ಮರೆ

ದರ ಕುಸಿದಾಗ ಮಾಲು ಶೀತಲಗೃಹ ಸೇರುತ್ತದೆ. ಬ್ಯಾಡಗಿಯ ಸುತ್ತ ಅಂತಹ ಗೃಹಗಳು ಸಾಲುಸಾಲಾಗಿ ಎದ್ದಿವೆ. ತಂಪಿನಲ್ಲಿ ಬಣ್ಣ ಉಳಿಯುತ್ತದೆ, ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ. ಆದರೆ ಒಳಗೆ ಹೋಗುವ ಮೊದಲೇ ಹುಟ್ಟಿದ ವಿಷ ಹಾಗೆಯೇ ಇರುತ್ತದೆ. ತಂಪಿನಿಂದ ಹೊರತೆಗೆದ ಚೀಲದ ಮೇಲೆ ಹೊರಗಿನ ಬಿಸಿ ಗಾಳಿಯ ತೇವ ಹನಿಗಟ್ಟಿದರೆ ಬೂಷ್ಟು ಮತ್ತೆ ಚಿಗುರುವುದಕ್ಕೂ ಅವಕಾಶವಿದೆ.

ಮುಂದಿನ ಹಂತ ಆಯ್ಕೆ. ಬ್ಯಾಡಗಿಯಲ್ಲಿ ಸಾವಿರಾರು ಮಹಿಳೆಯರು ತೊಟ್ಟು ಬಿಡಿಸುವ, ಕಾಯಿ ಆಯುವ ಕೆಲಸದಿಂದ ಬದುಕುತ್ತಾರೆ. ಬಿಳಿಚಿದ, ಕಪ್ಪಾದ, ಬೂಷ್ಟು ಹಿಡಿದ ಕಾಯಿಗಳನ್ನು ಬೇರ್ಪಡಿಸುವ ಅವರ ಕಣ್ಣು ಮತ್ತು ಕೈಯೇ ಇಂದಿಗೂ ಅತ್ಯುತ್ತಮ ಜರಡಿ. ಆದರೆ ಬೇರ್ಪಟ್ಟ ಕಾಯಿಗೂ ಮಾರುಕಟ್ಟೆಯಲ್ಲಿ ಒಂದು ಬೆಲೆ ಇದೆ. ಇಡಿಯಾಗಿ ಮಾರಲಾಗದ್ದು ಗಿರಣಿಗೆ ಹೋದರೆ ಕೇಳುವವರಿಲ್ಲ. ಪುಡಿಯಾದ ಮೇಲೆ ಒಳ್ಳೆಯ ಕಾಯಿ, ಕೆಟ್ಟ ಕಾಯಿ ಎಂಬ ಭೇದ ಕಣ್ಣಿಗೆ ಕಾಣುವುದಿಲ್ಲ. ಅಗ್ಗದ ಸಡಿಲ ಖಾರದ ಪುಡಿಯ ಕುರಿತು ಗ್ರಾಹಕ ಎಚ್ಚರದಿಂದಿರಬೇಕಾದ ಕಾರಣ ಇಲ್ಲಿದೆ. ಹುರಿದರೆ, ಕುದಿಸಿದರೆ ದೋಷ ಹೋಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಅಡುಗೆಮನೆಯ ಸಾಮಾನ್ಯ ಶಾಖಕ್ಕೆ ಅಫ್ಲಾಟಾಕ್ಸಿನ್ ಬಹುತೇಕ ಜಗ್ಗುವುದಿಲ್ಲ.

ಕಾನೂನು ಇದೆ, ಮಾಪಕ ಇಲ್ಲ

ಆಹಾರ ಗುಣಮಟ್ಟದ ನಿಯಮಗಳು ಒಣ ಮೆಣಸಿನಕಾಯಿಯ ತೇವಾಂಶ ಶೇಕಡಾ 11 ಮೀರಬಾರದು, ಬೂಷ್ಟು ಇರಬಾರದು ಎಂದು ಹೇಳುತ್ತವೆ. ಕಾಗದದ ಮೇಲಿನ ಈ ಹನ್ನೊಂದು, ರೈತನ ಚೀಲ ತೂಗುವ ಜಾಗದಲ್ಲಿ ದರವನ್ನು ನಿರ್ಧರಿಸುವ ಅಂಕಿ ಆಗಿಲ್ಲ. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭಿಸಿ ಕೃಷಿ ಮಾರುಕಟ್ಟೆಗಳ ಆನ್‌ಲೈನ್ ಟೆಂಡರ್‌ಗಳನ್ನು ಒಂದೇ ಜಾಲಕ್ಕೆ ತಂದಿತು. ದೂರದ ಊರಿನ ಖರೀದಿದಾರನೂ ದರ ನಮೂದಿಸಬಹುದು ಎಂಬುದು ಅದರ ಆಶಯ. ಆದರೆ ಮಾಲನ್ನು ಕೈಯಲ್ಲಿ ಹಿಡಿದು ನೋಡದವನು ನೆಚ್ಚಬೇಕಾದದ್ದು ಗುಣಮಟ್ಟದ ಪ್ರಮಾಣಪತ್ರವನ್ನು. ಅದು ಪ್ರತಿ ರಾಶಿಗೂ ಜೊತೆಯಾಗದೆ ಹೋದರೆ ಆನ್‌ಲೈನ್ ಟೆಂಡರ್ ಹಳೆಯ ಊಹೆಯನ್ನೇ ಕಂಪ್ಯೂಟರಿನಲ್ಲಿ ಬರೆದಂತೆ.

ಪರಿಹಾರಗಳು ಅಸಾಧ್ಯವೇನಲ್ಲ. ತೇವಾಂಶ ಅಳೆಯುವ ಯಂತ್ರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಭತ್ತ, ಜೋಳವನ್ನು ಬೆಂಬಲ ಬೆಲೆಗೆ ಕೊಳ್ಳುವಾಗ ಸರ್ಕಾರವೇ ತೇವಾಂಶಕ್ಕೆ ಮಿತಿ ವಿಧಿಸುತ್ತದೆ. ಅದೇ ಕ್ರಮವನ್ನು ಮೆಣಸಿನಕಾಯಿಗೂ ತಂದು, ಹನ್ನೊಂದರ ಒಳಗಿನ ಮಾಲಿಗೆ ಪೂರ್ಣ ದರ, ಅದರ ಮೇಲಿನ ಪ್ರತಿ ಅಂಶಕ್ಕೆ ಮುಂಚಿತವಾಗಿ ಪ್ರಕಟಿಸಿದ ಕಡಿತ ಎಂದಾದರೆ ನೀರು ಹಾಕುವುದರಿಂದ ಲಾಭವೇ ಇರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾಪಕ ಖರೀದಿದಾರನ ಕೈಯಲ್ಲಿದ್ದು ಕಡಿತ ಮಾತ್ರ ಜಾರಿಯಾಗಿ, ಒಣ ಮಾಲಿಗೆ ಹೆಚ್ಚಿನ ದರ ಸಿಗದೆ ಹೋದರೆ, ಅದು ರೈತನ ಮೇಲಿನ ಇನ್ನೊಂದು ಹೊರೆಯಾಗುತ್ತದೆ. ಅಳತೆ ಎಪಿಎಂಸಿಯದ್ದಾಗಿರಬೇಕು, ಚೀಟಿ ರೈತನ ಕೈಗೆ ಸಿಗಬೇಕು.

ಒಣಗಿಸುವ ಕೆಲಸಕ್ಕೂ ತಿಳಿವಳಿಕೆಯ ಕೊರತೆಯಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ದ್ರಾವಣದಲ್ಲಿ ಹಣ್ಣು ಕಾಯಿಯನ್ನು ಅದ್ದಿ ಒಣಗಿಸುವ ಅವಧಿಯನ್ನು ಗಣನೀಯವಾಗಿ ತಗ್ಗಿಸುವ ವಿಧಾನವನ್ನು ಹಿಂದೆಯೇ ರೂಪಿಸಿದೆ. ನೆಲದಿಂದ ಎತ್ತರಿಸಿದ ಜಾಲರಿಯ ಅಟ್ಟ, ಪಾರದರ್ಶಕ ಹಾಳೆಯ ಸೌರ ಒಣಗೂಡು, ರಾತ್ರಿ ಮುಚ್ಚಲು ತಾಡಪಾಲು, ಇವೆಲ್ಲ ಊರಿನಲ್ಲೇ ಸಿಗುವ ಸಾಮಗ್ರಿಗಳಿಂದ ಆಗುವಂಥವು. ಸಣ್ಣ ಹಿಡುವಳಿದಾರ ಒಬ್ಬನೇ ಇದನ್ನು ಕಟ್ಟಿಕೊಳ್ಳಲಾರ. ರೈತ ಉತ್ಪಾದಕ ಸಂಘಗಳ ಮೂಲಕ ಊರಿಗೊಂದು ಸಾಮೂಹಿಕ ಕಣ ಕಟ್ಟಲು ಸಹಾಯಧನ ನೀಡುವುದು ಹೆಚ್ಚು ಫಲಕಾರಿ. ವಿಷದ ಶೀಘ್ರ ಪತ್ತೆಗೆ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕಡಿಮೆ ಖರ್ಚಿನ ಪರೀಕ್ಷಾ ವಿಧಾನಗಳನ್ನು ಅಭಿವೃದ್ಧಿಪಡಿಸಿದೆ. ಅಂತಹ ಪರೀಕ್ಷೆಯೊಂದು ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲೇ ನಡೆಯುವುದಕ್ಕೆ ತಂತ್ರಜ್ಞಾನದ ಅಡ್ಡಿಯಿಲ್ಲ.

ಆಯ್ದು ಬೇರ್ಪಡಿಸಿದ ಬೂಷ್ಟು ಕಾಯಿಯನ್ನು ಏನು ಮಾಡಬೇಕು ಎಂಬುದಕ್ಕೂ ಉತ್ತರ ಬೇಕು. ಅದನ್ನು ಮಾರುಕಟ್ಟೆ ಸಮಿತಿಯೇ ಅಲ್ಪ ದರಕ್ಕೆ ಕೊಂಡು ನಾಶಪಡಿಸಿದರೆ, ಗಿರಣಿಯ ದಾರಿ ಮುಚ್ಚುತ್ತದೆ. ಇದಕ್ಕೆ ತಗಲುವ ವೆಚ್ಚವನ್ನು ಮಾರುಕಟ್ಟೆ ಶುಲ್ಕದಿಂದ ಭರಿಸುವ ಬಗ್ಗೆ ಚಿಂತಿಸಬಹುದು. ಆಹಾರ ಸುರಕ್ಷತಾ ಇಲಾಖೆ ಅಂಗಡಿಗಳಿಂದ ಪಡೆದ ಖಾರದ ಪುಡಿಯ ಮಾದರಿಗಳ ಅಫ್ಲಾಟಾಕ್ಸಿನ್ ಫಲಿತಾಂಶವನ್ನು ಜಿಲ್ಲಾವಾರು ಪ್ರಕಟಿಸುವುದೂ ಅಷ್ಟೇ ಮುಖ್ಯ. ಯುರೋಪಿನ ಬಂದರಿನಲ್ಲಿ ತಡೆಹಿಡಿದ ಮಾಲಿನ ವಿವರವನ್ನು ಅಲ್ಲಿನ ಗ್ರಾಹಕ ಓದಬಲ್ಲನಾದರೆ, ಹುಬ್ಬಳ್ಳಿಯ ಅಂಗಡಿಯ ಪುಡಿಯ ವಿವರ ಹುಬ್ಬಳ್ಳಿಯವನಿಗೆ ಏಕೆ ಸಿಗಬಾರದು?

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಸ್ವಲ್ಪವೇ ಆದರೂ ಉಪಯುಕ್ತ. ಸಾಧ್ಯವಾದಷ್ಟು ಇಡಿ ಕಾಯಿ ಕೊಳ್ಳುವುದು, ನಾಲ್ಕಾರು ಕಾಯಿ ಮುರಿದು ಒಳಗೆ ನೋಡುವುದು, ಬೂದು ಅಥವಾ ಹಸಿರು ಬೂಷ್ಟು ಕಂಡವನ್ನು ಹುರಿದು ಬಳಸದೆ ಎಸೆಯುವುದು, ಉಳಿದದ್ದನ್ನು ಮತ್ತೊಮ್ಮೆ ಬಿಸಿಲಿಗೆ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು. ಬಿಸಿಲಿಗೆ ಹಾಕಿದರೆ ವಿಷ ಹೋಗುವುದಿಲ್ಲ, ಹೊಸ ವಿಷ ಹುಟ್ಟುವುದಿಲ್ಲ; ಅಷ್ಟರಮಟ್ಟಿಗೆ ಲಾಭ.

ಒಣ ಮೆಣಸಿನಕಾಯಿಯ ಗುಣಮಟ್ಟವನ್ನು ಇದುವರೆಗೆ ರಫ್ತಿನ ಪ್ರಶ್ನೆಯಾಗಿ ಮಾತ್ರ ನೋಡಲಾಗಿದೆ. ವಿದೇಶಿ ಬಂದರು ಮಾಲನ್ನು ತಿರಸ್ಕರಿಸಿದಾಗ ಮಾತ್ರ ಎಚ್ಚರಗೊಳ್ಳುವ ವ್ಯವಸ್ಥೆ, ವಿಷ ಹುಟ್ಟಿದ ಬಹಳ ದಿನಗಳ ನಂತರ ಅದರ ಬಗ್ಗೆ ತಿಳಿಯುತ್ತದೆ. ತೂಕದ ಜೊತೆಗೆ ಒಣಗನ್ನೂ ಅಳೆದು ಬೆಲೆ ಕಟ್ಟುವ ದಿನ, ರೈತನಿಗೆ ನ್ಯಾಯದ ದರ ಮತ್ತು ಗ್ರಾಹಕನಿಗೆ ಶುದ್ಧ ಖಾರ ಎಂಬ ಎರಡು ಬೇಡಿಕೆಗಳು ಒಂದೇ ಮಾಪಕದಲ್ಲಿ ಕೂಡಿಬರುತ್ತವೆ. ಕೆಲಸ ಶುರುವಾಗಬೇಕಾದ ಜಾಗ ಬ್ಯಾಡಗಿಯ ತೂಕದ ಕಟ್ಟೆ.